ವಸಾಹತು ತೆರಿಗೆ ಮತ್ತು ಆಡಳಿತದ ವಿರುದ್ಧ ಆಫ್ರಿಕದ ಮಹಿಳೆಯರ ಪ್ರತಿರೋಧ

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1960ರ ಸುಮಾರಿನವರೆಗೆ ಆಫ್ರಿಕದ ಅನೇಕ ನಾಡುಗಳಲ್ಲಿ ಯುರೋಪಿನ ಆಳರಸರು ಹೇರಿದ ತೆರಿಗೆ, ಬಿಟ್ಟಿ ದುಡಿಮೆ, ಧಾನ್ಯ ವಸೂಲಿ, ರಹದಾರಿ ಚೀಟಿ ಮುಂತಾದವನ್ನು ಮಹಿಳೆಯರು ಗುಂಪುಗೂಡಿ ಎದುರಿಸಿದರು. ನೈಜೀರಿಯದ ಆಗ್ನೇಯ ಭಾಗದಲ್ಲಿ 1929ರಲ್ಲಿ ನಡೆದ ಮಹಿಳೆಯರ ಯುದ್ಧ ಇವುಗಳಲ್ಲಿ ಹೆಚ್ಚು ವ್ಯಾಪಕವಾದದ್ದು. ಅದೇ ದೇಶದ ಅಬೆಯೊಕುಟ ಪಟ್ಟಣದ 1947-48ರ ಚಳವಳಿ ಹೆಚ್ಚು ವ್ಯವಸ್ಥಿತವಾದದ್ದು. ಕೀನ್ಯದ ಗಿರಿಯಾಮ ಜನರ ಬಂಡಾಯ (1913-14), ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನ್ ಪಟ್ಟಣದ ರಹದಾರಿ ವಿರೋಧ (1913), ಟೋಗೊದ ಲೊಮೆಯ ಗಲಭೆ (1933), ಸೆನೆಗಲ್ ದೇಶದ ಕಸಮಾಂಸ್ ಪ್ರದೇಶದ ಅಸಹಕಾರ (1942-43), ಕ್ಯಾಮರೂನಿನ ಕೋಮ್ ನಾಡಿನ ಆನ್ಲು (1958-61) ಇತರ ಮುಖ್ಯ ಪ್ರಸಂಗಗಳು. ಇವೆಲ್ಲವನ್ನೂ ಸ್ವಾತಂತ್ರ್ಯ ಚಳವಳಿಯ ಮುನ್ನುಡಿಯೆಂದು ಓದುವ ರೂಢಿ ಇದೆ. ಆ ಓದು ಅರ್ಧ ಸರಿ. ಬಹುಪಾಲು ಕಡೆ ಹೆಂಗಸರು ಹೊಸ ರಾಷ್ಟ್ರ ಕಟ್ಟಲು ಹೊರಟಿರಲಿಲ್ಲ. ಸಂತೆ, ಹೊಲ, ಮನೆಗಳ ಮೇಲೆ ತಮಗೆ ಹಿಂದಿನಿಂದ ಇದ್ದ ಹಕ್ಕನ್ನು ಸರ್ಕಾರ ಒಂದು ಮಾತೂ ಕೇಳದೆ ಕಿತ್ತುಕೊಂಡಿತೆಂಬುದೇ ಅವರ ದೂರಾಗಿತ್ತು.

ತೆರಿಗೆಯ ಬಗೆ

ವಸಾಹತುಗಳು ತಮ್ಮ ಖರ್ಚನ್ನು ತಾವೇ ಹುಟ್ಟಿಸಿಕೊಳ್ಳಬೇಕೆಂಬುದು ಲಂಡನ್ ಮತ್ತು ಪ್ಯಾರಿಸ್‌ಗಳ ನಿಲುವು. ಅದಕ್ಕೆ ಕಂಡ ಸುಲಭ ದಾರಿ ಗುಡಿಸಲು ತೆರಿಗೆ ಮತ್ತು ತಲೆಗಂದಾಯ. ದಕ್ಷಿಣ ಆಫ್ರಿಕದ ನೇಟಾಲ್‌ನಲ್ಲಿ 1849ರಷ್ಟು ಹಿಂದೆಯೇ ಜಾರಿಯಾಗಿದ್ದ ಗುಡಿಸಲು ತೆರಿಗೆ 1890ರ ದಶಕದಲ್ಲಿ ರೊಡೀಷಿಯ ಮತ್ತು ಸಿಯೆರ ಲಿಯೋನ್‌ಗಳಿಗೂ, 1901ರಲ್ಲಿ ಇಂದಿನ ಕೀನ್ಯಕ್ಕೂ ಬಂತು. ತೆರಿಗೆಯನ್ನು ನಾಣ್ಯದಲ್ಲೇ ಕಟ್ಟಬೇಕಾಗಿದ್ದುದರಿಂದ ಗಂಡಸರು ಗಣಿಗೋ ಬಿಳಿಯರ ತೋಟಕ್ಕೋ ಕೂಲಿಗೆ ಹೋಗಲೇಬೇಕಾಯಿತು. ತೆರಿಗೆಯ ಉದ್ದೇಶಗಳಲ್ಲಿ ಇದೂ ಒಂದೆಂಬುದನ್ನು ಅಧಿಕಾರಿಗಳು ಮುಚ್ಚಿಡಲಿಲ್ಲ. ಬ್ರಿಟಿಷ್ ಪೂರ್ವ ಆಫ್ರಿಕದಲ್ಲಿ 1920ರವರೆಗೆ ಈ ವಸೂಲಿ ನಡೆದದ್ದು ಭಾರತದ ರೂಪಾಯಿಯಲ್ಲಿ ಎಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿಯಾದೀತು. ಅಲ್ಲಿನ ಅಧಿಕೃತ ನಾಣ್ಯವೇ ಅದಾಗಿತ್ತು.

ಒಬ್ಬನಿಗೆ ಹಲವು ಹೆಂಡಿರಿರುವ ಸಮಾಜಗಳಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬ ಹೆಂಡತಿಗೂ ಒಂದೊಂದು ಗುಡಿಸಲು ಇರುತ್ತಿತ್ತು. ಹೀಗಾಗಿ ಗುಡಿಸಲುಗಳನ್ನು ಎಣಿಸುವುದೆಂದರೆ ಹೆಂಡಿರನ್ನು ಎಣಿಸಿದಂತೆಯೇ. ಪಟ್ಟಿಯಲ್ಲಿ ತೆರಿಗೆದಾರನೆಂದು ಗಂಡಸಿನ ಹೆಸರಿರುತ್ತಿತ್ತು. ಹಣದ ದೊಡ್ಡ ಪಾಲು ಹುಟ್ಟುತ್ತಿದ್ದುದು ಹೆಂಗಸರ ಬೇಸಾಯದಿಂದ, ಸಂತೆಯ ಮಾರಾಟದಿಂದ. ಅವನು ಗಣಿಗೆ ಹೋದರೆ ಅವನ ಪಾಲಿನ ಹೊಲಗೆಲಸವೂ ಅವಳ ಹೆಗಲಿಗೆ ಬೀಳುತ್ತಿತ್ತು. ಇಷ್ಟಾದರೂ ಆಡಳಿತದ ಕಣ್ಣಿಗೆ ಅವಳು ಪ್ರಜೆಯಾಗಿ ಬಿದ್ದದ್ದಿಲ್ಲ. ಪರೋಕ್ಷ ಆಡಳಿತವೆಂಬ ಬ್ರಿಟಿಷ್ ಪದ್ಧತಿ ಊರಿನ ‘ಸಂಪ್ರದಾಯ’ವನ್ನು ಉಳಿಸಿಕೊಂಡು ಆಳುವುದಾಗಿ ಹೇಳಿಕೊಂಡಿತು. ಆದರೆ ಅದು ಗುರುತಿಸಿದ ಮುಖ್ಯಸ್ಥರು, ನ್ಯಾಯಾಧೀಶರು, ಗುಮಾಸ್ತರು ಹೆಚ್ಚೂಕಡಿಮೆ ಎಲ್ಲರೂ ಗಂಡಸರೇ. ಪಶ್ಚಿಮ ಆಫ್ರಿಕದ ಅನೇಕ ಊರುಗಳಲ್ಲಿ ಹೆಂಗಸರಿಗೆ ತಮ್ಮದೇ ಸಭೆ, ಬಿರುದು, ದಂಡ ವಿಧಿಸುವ ಅಧಿಕಾರ ಇದ್ದವೆಂಬುದು ಅಧಿಕಾರಿಗಳಿಗೆ ತಿಳಿದದ್ದು ಆ ಸಭೆಗಳು ಬೀದಿಗಿಳಿದ ಮೇಲೆಯೇ.

ಆರಂಭದ ಪ್ರಸಂಗಗಳು

ರೊಡೀಷಿಯದಲ್ಲಿ 1894ರಲ್ಲಿ ಗುಡಿಸಲಿಗೆ 10 ಷಿಲಿಂಗ್ ತೆರಿಗೆ ಬಿತ್ತು. ಎರಡು ವರ್ಷದಲ್ಲಿ ದೇಶಕ್ಕೆ ದೇಶವೇ ದಂಗೆಯೆದ್ದಿತು. ಶೋನ ಜನರನ್ನು ಹುರಿದುಂಬಿಸಿದವರಲ್ಲಿ ನೆಹಾಂಡ ಎಂಬ ಪೂರ್ವಜೆಯ ಆತ್ಮ ಮೈದುಂಬುತ್ತಿದ್ದ ಚಾರ್ವೆ ಮುಖ್ಯಳು. ಆಕೆಯನ್ನು 1898ರಲ್ಲಿ ಗಲ್ಲಿಗೇರಿಸಲಾಯಿತು. ಇಂದಿನ ಘಾನದ ಅಸಾಂಟೆ ನಾಡಿನಲ್ಲಿ 1900ರ ಮಾರ್ಚಿನಲ್ಲಿ ಗವರ್ನರ್ ಹಾಜ್‌ಸನ್ ಹಳೆಯ ಯುದ್ಧದಂಡದ ಬಡ್ಡಿಯನ್ನೂ ಅಸಾಂಟೆಯರ ಪವಿತ್ರ ಚಿನ್ನದ ಪೀಠವನ್ನೂ ಕೇಳಿದಾಗ, ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಯುದ್ಧದ ಮುಂದಾಳಾದಳು. ಸೋತ ಮೇಲೆ ಆಕೆಯನ್ನು ಸೇಷೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು. 1921ರಲ್ಲಿ ಅಲ್ಲೇ ತೀರಿಕೊಂಡಳು. ಅಧಿಕಾರ ಸಿಕ್ಕ ಹೆಂಗಸರೆಲ್ಲ ಹೀಗೆ ಎದುರು ನಿಂತರೆಂದು ತಿಳಿಯಬೇಕಿಲ್ಲ. ಸಿಯೆರ ಲಿಯೋನ್‌ನಲ್ಲಿ 1898ರ ಗುಡಿಸಲು ತೆರಿಗೆ ಯುದ್ಧ ನಡೆದಾಗ ಮೆಂಡೆ ಜನರ ಒಡತಿ ಮೇಡಮ್ ಯೋಕೊ ಬ್ರಿಟಿಷರ ಪಕ್ಷ ವಹಿಸಿದಳು, ತನ್ನ ಸೀಮೆಯನ್ನು ಬೆಳೆಸಿಕೊಂಡಳು, 1906ರಲ್ಲಿ ಸಾಯುವವರೆಗೂ ಆಳಿದಳು.

1913 ಒಂದು ವಿಶೇಷ ವರ್ಷ. ಕೀನ್ಯದ ಕರಾವಳಿಯ ಹಿಂಭಾಗದಲ್ಲಿರುವ ಗಿರಿಯಾಮ ನಾಡಿನಲ್ಲಿ ಗುಡಿಸಲು ತೆರಿಗೆಯ ಜೊತೆಗೆ ತೋಟಗಳಿಗೆ ಆಳುಗಳನ್ನು ಒದಗಿಸಬೇಕೆಂಬ ಒತ್ತಾಯ ಬಂತು. ಮೆಕಟಿಲಿಲಿ ವಾ ಮೆಂಜ ಎಂಬ ವಿಧವೆ ಶವಸಂಸ್ಕಾರದ ಕಿಫುಡು ಕುಣಿತವನ್ನು ಕುಣಿಯುತ್ತ ಊರಿಂದೂರಿಗೆ ಹೋಗಿ ಜನ ಸೇರಿಸಿದಳು. ಕಾಯ ಫುಂಗೊ ಎಂಬ ಪವಿತ್ರ ನೆಲೆಯಲ್ಲಿ ಗಂಡಸರೂ ಹೆಂಗಸರೂ ಬೇರೆಬೇರೆಯಾಗಿ ಆಣೆಯಿಟ್ಟರು: ಬಿಳಿಯನಿಗೆ ಕೂಲಿಯಿಲ್ಲ, ತೆರಿಗೆಯಿಲ್ಲ. ಅಧಿಕಾರಿ ಆರ್ಥರ್ ಚಾಂಪಿಯನ್‌ನ ಮುಂದೆ ಅವಳು ತಾಯಿಕೋಳಿಯನ್ನೂ ಮರಿಗಳನ್ನೂ ಬಿಟ್ಟು, ಮರಿಯೊಂದನ್ನು ಮುಟ್ಟಿ ನೋಡು ಎಂದು ಸವಾಲು ಹಾಕಿದಳೆಂದು ಗಿರಿಯಾಮರು ಈಗಲೂ ಕತೆ ಹೇಳುತ್ತಾರೆ. ಆ ವರ್ಷದ ಅಕ್ಟೋಬರಿನಲ್ಲಿ ಸೆರೆಹಿಡಿದು ದೇಶದ ಇನ್ನೊಂದು ತುದಿಯ ಕಿಸಿಗೆ ಕಳಿಸಿದರೆ, 1914ರ ಜನವರಿಯಲ್ಲಿ ತಪ್ಪಿಸಿಕೊಂಡು ಕಾಲ್ನಡಿಗೆಯಲ್ಲೇ ಊರಿಗೆ ಬಂದಳು. ಆಗಸ್ಟಿನಲ್ಲಿ ಸರ್ಕಾರ ಕಾಯ ಫುಂಗೊವನ್ನು ಸಿಡಿಮದ್ದಿನಿಂದ ಉಡಾಯಿಸಿತು. ಬಂಡಾಯ ಹೊತ್ತಿಕೊಂಡದ್ದು ಅದರ ಬಳಿಕ.

1913ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನ್‌ನಲ್ಲಿ ಕಪ್ಪು ಹೆಂಗಸರು ರಹದಾರಿ ಚೀಟಿಗಳನ್ನು ಹರಿದು ಹಾಕಿ ಜೈಲಿಗೆ ನಡೆದರು. ಊರಿನಲ್ಲಿರಲು, ಬಟ್ಟೆ ಒಗೆಯುವಂಥ ಕೆಲಸ ಮಾಡಲು ತಿಂಗಳು ತಿಂಗಳು ಹಣ ತೆತ್ತು ಪರವಾನಗಿ ಪಡೆಯಬೇಕಾಗಿತ್ತು. ಹೆಸರು ರಹದಾರಿಯಾದರೂ ಪುರಸಭೆಗೆ ಅದು ಆದಾಯವೇ. ಹಿಂದಿನ ವರ್ಷ 5,000 ಸಹಿಗಳ ಮನವಿ ಕೇಪ್‌ಟೌನಿಗೆ ಹೋಗಿ ಬಂದಿದ್ದರೂ ಫಲವಿರಲಿಲ್ಲ. ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವಿದ್ದರೂ ಹೆಂಗಸರು ಸೆರೆಯನ್ನೇ ಆರಿಸಿಕೊಂಡರು. ಇದಾಗಿ ಕೆಲವೇ ತಿಂಗಳಿಗೆ ನೇಟಾಲ್‌ನಲ್ಲಿ, ಕರಾರು ಮುಗಿಸಿದ ಭಾರತೀಯ ಕೂಲಿಗಳ ಮೇಲಿದ್ದ 3 ಪೌಂಡ್ ತೆರಿಗೆಯ ವಿರುದ್ಧ ಗಾಂಧಿಯವರ ಸತ್ಯಾಗ್ರಹ ನಡೆಯಿತು. ಆ ತೆರಿಗೆ ಹೆಂಗಸರಿಗೂ 13 ವರ್ಷ ದಾಟಿದ ಹುಡುಗಿಯರಿಗೂ ಇತ್ತು. ಟ್ರಾನ್ಸ್‌ವಾಲಿನಿಂದ ಗಡಿ ದಾಟಿ ಬಂದ ತಮಿಳು ಹೆಂಗಸರು ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರ ಹೂಡಿಸಿದರು. ಜೈಲಿನಿಂದ ಜ್ವರ ಹೊತ್ತು ಹೊರಬಂದ ಹುಡುಗಿ ವಳ್ಳಿಯಮ್ಮ 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ತೆರಿಗೆ ಆ ವರ್ಷವೇ ರದ್ದಾಯಿತು. ಆಫ್ರಿಕನ್ನರ ಪ್ರತಿರೋಧದ ಚರಿತ್ರೆಗಳು ಇದನ್ನು ಬಿಟ್ಟುಬಿಡುತ್ತವೆ, ಭಾರತೀಯ ಚರಿತ್ರೆಗಳು ಬ್ಲೂಮ್‌ಫಾಂಟೀನನ್ನು ಬಿಟ್ಟುಬಿಡುತ್ತವೆ.

ನೈಜೀರಿಯದ ಮಹಿಳೆಯರ ಯುದ್ಧ, 1929

ಕನ್ನಡ ಓದುಗರಿಗೆ ಚಿನುವ ಅಚಿಬೆಯ ಕಾದಂಬರಿಗಳಿಂದ ಪರಿಚಿತವಾದ ಇಗ್ಬೊ ನಾಡಿಗೆ ಬಹುಪಾಲು ರಾಜರಿರಲಿಲ್ಲ. ಊರಿನ ವ್ಯವಹಾರ ಸಭೆ ಸೇರಿ ತೀರ್ಮಾನವಾಗುತ್ತಿತ್ತು. ಗಂಡಸರ ಸಭೆಯಂತೆ ಹೆಂಗಸರದ್ದೂ ಇತ್ತು: ಕುಲದಲ್ಲಿ ಹುಟ್ಟಿ ಬೇರೆಡೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೂಟ ಒಂದು, ಊರಿಗೆ ಸೊಸೆಯರಾಗಿ ಬಂದವರ ಕೂಟ ಇನ್ನೊಂದು. ಸಂತೆಯ ಕಟ್ಟಳೆ, ಬೆಳೆಗೆ ನುಗ್ಗಿದ ದನ, ಹೆಂಡತಿಯನ್ನು ಹೊಡೆಯುವ ಗಂಡ, ಇಂಥವೆಲ್ಲ ಸೊಸೆಯರ ಕೂಟದ ವಿಚಾರಣೆಗೆ ಬರುತ್ತಿದ್ದವು. ಹೇಳಿದ್ದು ಕೇಳದ ಗಂಡಸಿಗೆ ಒಂದು ಶಿಕ್ಷೆಯಿತ್ತು. ಊರ ಹೆಂಗಸರೆಲ್ಲ ಅವನ ಅಂಗಳಕ್ಕೆ ನುಗ್ಗಿ ರಾತ್ರಿಯೆಲ್ಲ ಕುಣಿದು, ಅವನ ಗಂಡಸುತನವನ್ನೇ ಹೀಯಾಳಿಸುವ ಪದ ಕಟ್ಟಿ ಹಾಡಿ, ಒನಕೆಗಳಿಂದ ಗೋಡೆ ಕುಟ್ಟುತ್ತಿದ್ದರು. ತಪ್ಪು ದೊಡ್ಡದಾದರೆ ಗುಡಿಸಲನ್ನೇ ಕೆಡವುತ್ತಿದ್ದರು. ಅವನು ತಪ್ಪೊಪ್ಪಿಕೊಳ್ಳುವವರೆಗೆ ಕದಲುತ್ತಿರಲಿಲ್ಲ. ‘ಗಂಡಸಿನ ಮೇಲೆ ಕೂರುವುದು’ ಎಂದು ಇದಕ್ಕೆ ಹೆಸರು. ಗಂಡಸರು ಇದರಲ್ಲಿ ಕೈಹಾಕುವಂತಿರಲಿಲ್ಲ.

ಬ್ರಿಟಿಷರಿಗೆ ಆಳಲು ಮುಖ್ಯಸ್ಥರು ಬೇಕಿತ್ತು. ಇಲ್ಲದ ಕಡೆ ಸೃಷ್ಟಿಸಿದರು. ಸನ್ನದು ಕೊಟ್ಟು ನೇಮಿಸಿದ ಈ ಮುಖ್ಯಸ್ಥರು ಊರಿನವರೆದುರು ಉತ್ತರ ಹೇಳಬೇಕಾದವರಲ್ಲ. ನ್ಯಾಯಾಲಯ ಅವರ ಕೈಯಲ್ಲಿತ್ತು, ಲಂಚವೂ ಇತ್ತು. ಒಪ್ಪಿಗೆಯಿಲ್ಲದೆ, ತೆರವನ್ನೂ ಪೂರ್ತಿ ಕೊಡದೆ ಹುಡುಗಿಯರನ್ನು ಮದುವೆಯಾಗುತ್ತಿದ್ದರೆಂಬುದು ಹೆಂಗಸರ ಹಳೆಯ ಸಿಟ್ಟು. 1926ರಲ್ಲಿ ಗಂಡಸರ ಗಣತಿ ನಡೆದಾಗ ಇದು ತೆರಿಗೆಗಲ್ಲ ಎಂದು ಸರ್ಕಾರ ಭರವಸೆ ಕೊಟ್ಟಿತು. 1928ರಲ್ಲಿ ತೆರಿಗೆ ಬಂತು. ಮರುವರ್ಷ ತಾಳೆ ಎಣ್ಣೆಯ ಬೆಲೆಯೂ ತಿರುಳಿನ ಬೆಲೆಯೂ ಕುಸಿದವು. ಅಲ್ಲಿನ ಒಪ್ಪಂದದಂತೆ ಎಣ್ಣೆ ಗಂಡನದು, ಬೀಜದ ತಿರುಳು ಹೆಂಡತಿಯದು. ಆದ್ದರಿಂದ ಪೇಟೆಯ ಕುಸಿತ ನೇರವಾಗಿ ಹೆಂಗಸಿನ ಕೈಗಾಸಿಗೇ ಬಡಿಯಿತು.

1929ರಲ್ಲಿ ಬೆಂಡೆ ವಿಭಾಗದ ಹೊಣೆ ತಾತ್ಕಾಲಿಕವಾಗಿ ವಹಿಸಿಕೊಂಡ ಕ್ಯಾಪ್ಟನ್ ಕುಕ್ ಎಂಬ ಅಧಿಕಾರಿಗೆ ಹಳೆಯ ಪಟ್ಟಿಗಳು ಅಪೂರ್ಣವೆನಿಸಿದವು. ಹೆಂಡಿರು, ಮಕ್ಕಳು, ಜಾನುವಾರು ಎಲ್ಲವನ್ನೂ ಬರೆಯಿರಿ ಎಂದು ಮುಖ್ಯಸ್ಥರಿಗೆ ಹೇಳಿದ. ಒಲೊಕೊ ಎಂಬ ಊರಿನ ಹೆಂಗಸರು ಸಂತೆಯ ಬಯಲಿನಲ್ಲಿ ಸೇರಿ ಒಂದು ತೀರ್ಮಾನಕ್ಕೆ ಬಂದರು. ಗಂಡಸರನ್ನು ಮಾತ್ರ ಎಣಿಸಿದರೆ ಸುಮ್ಮನಿರುವುದು; ಒಬ್ಬ ಹೆಂಗಸನ್ನು ಕೇಳಿದರೂ ಸುದ್ದಿ ಮುಟ್ಟಿಸುವುದು. ಬಂಡಾಯಕ್ಕೆ ಕಾರಣ ಗಾಳಿಸುದ್ದಿ ಎಂದು ಬರೆದವರು ಈ ಸಂಯಮವನ್ನು ಗಮನಿಸಿದಂತಿಲ್ಲ. ನವೆಂಬರಿನಲ್ಲಿ ಆ ಊರಿನ ಮುಖ್ಯಸ್ಥ ಒಕುಗೊ ಕಳಿಸಿದ ಮಾರ್ಕ್ ಎಮೆರೆವುವ ಎಂಬ ಶಾಲಾ ಮೇಷ್ಟ್ರು, ತಾಳೆ ಎಣ್ಣೆ ತೆಗೆಯುತ್ತಿದ್ದ ನ್ವಾನ್ಯೆರುವ ಎಂಬ ಹೆಂಗಸಿನ ಅಂಗಳಕ್ಕೆ ಬಂದು ಆಡು ಕುರಿ ಮಂದಿಯ ಲೆಕ್ಕ ಕೇಳಿದ. ನಿನ್ನ ತಾಯಿಯನ್ನೂ ಎಣಿಸಿದ್ದರೇನೊ ಎಂದು ಅವಳು ತಿರುಗಿ ಕೇಳಿದಳು. ಇಬ್ಬರಿಗೂ ಕೈಕೈ ಹತ್ತಿತು. ಅವಳು ಸೀದಾ ಹೆಂಗಸರು ಸೇರಿದ್ದ ಕಡೆಗೆ ಹೋದಳು.

ತಾಳೆಗರಿ ಊರೂರಿಗೆ ಹೋಯಿತು. ಗರಿ ಸಿಕ್ಕವರು ಮುಂದಿನವರಿಗೆ ಮುಟ್ಟಿಸಬೇಕು. ಕೆಲವೇ ದಿನಗಳಲ್ಲಿ ಸಾವಿರಾರು ಹೆಂಗಸರು ಒಕುಗೊನ ಅಂಗಳದಲ್ಲಿ ‘ಕೂತರು’. ಮುಖಕ್ಕೆ ಮಸಿ ಬೂದಿ, ತಲೆಗೆ ಜರಿಗಿಡದ ಎಳೆ ಎಲೆ, ಮೊಣಕಾಲ ಮೇಲಿನ ತುಂಡು ಬಟ್ಟೆ, ಕೈಯಲ್ಲಿ ತಾಳೆಗರಿ ಸುತ್ತಿದ ಕೋಲು: ಸಾವು ಮತ್ತು ಯುದ್ಧಗಳ ವೇಷ. ತೆರಿಗೆಯಿಲ್ಲವೆಂದು ಅಧಿಕಾರಿಯಿಂದ ಬರೆಸಿಕೊಂಡರು. ಅಷ್ಟಕ್ಕೇ ಬಿಡದೆ ಒಕುಗೊನನ್ನು ಬಂಧಿಸುವಂತೆ ಬೆಂಡೆಯ ಕಚೇರಿಯ ಮುಂದೆ ಪಟ್ಟು ಹಿಡಿದರು. ಅವನ ಅಧಿಕಾರದ ಟೋಪಿ ಗುಂಪಿನ ಕೈಗೆ ಬಂತು, ಅವನಿಗೆ ಎರಡು ವರ್ಷ ಸಜೆಯಾಯಿತು. ಒಲೊಕೊದ ಪರವಾಗಿ ಮಾತುಕತೆ ನಡೆಸಿದವರು ಇಕೊನಿಯ, ನ್ವಾನೆಡಿಯ ಮತ್ತು ನ್ವುಗೊ ಎಂಬ ಮೂವರು. ಗುಂಪು ಕೈಮೀರುವ ಹೊತ್ತಿಗೆ ಸಮಾಧಾನಪಡಿಸಲು ಅಧಿಕಾರಿಗಳೇ ಇವರ ನೆರವು ಪಡೆದದ್ದುಂಟು.

ಒಲೊಕೊದ ಗೆಲುವಿನ ಸುದ್ದಿ ಓವೆರ್ರಿ ಪ್ರಾಂತ್ಯವನ್ನು ದಾಟಿ ಇಬಿಬಿಯೊ, ಅಂಡೊನಿ, ಒಪೊಬೊ ಜನರಿರುವ ಕಲಬಾರ್ ಪ್ರಾಂತ್ಯಕ್ಕೂ ಹಬ್ಬಿತು. ಸುಮಾರು 6,000 ಚದರ ಮೈಲಿಯ ಪ್ರದೇಶ ಕದಡಿಹೋಯಿತು. ಡಿಸೆಂಬರಿನಲ್ಲಿ ಆಬಾ ಪಟ್ಟಣದ ಬಳಿ ಬ್ರಿಟಿಷ್ ವೈದ್ಯನೊಬ್ಬನ ಕಾರು ಹೆಂಗಸರಿಗೆ ಡಿಕ್ಕಿ ಹೊಡೆದ ಮೇಲೆ ಕೋಪ ಬಾರ್ಕ್ಲೇಸ್ ಬ್ಯಾಂಕು, ಯುರೋಪಿಯನ್ ಕಂಪನಿಗಳ ಮಳಿಗೆ, ಜೈಲುಗಳತ್ತ ತಿರುಗಿತು. ನೇಟಿವ್ ಕೋರ್ಟುಗಳು ಅನೇಕ ಕಡೆ ನೆಲಸಮವಾದವು. ಗುರಿಗಳನ್ನು ನೋಡಿದರೆ ಇದು ಕುರುಡು ದಾಂಧಲೆಯಲ್ಲವೆಂಬುದು ತಿಳಿಯುತ್ತದೆ: ತಮ್ಮನ್ನು ಕೇಳದೆ ತೀರ್ಪು ಕೊಡುವ ಕೋರ್ಟು, ಎಣ್ಣೆಯ ಬೆಲೆ ಇಳಿಸುವ ಕಂಪನಿ, ಸನ್ನದಿನ ಮುಖ್ಯಸ್ಥನ ಮನೆ. ಹೆಂಗಸರ ಕೈಯಲ್ಲಿ ಯಾವ ಅಧಿಕಾರಿಯೂ ಸಾಯಲಿಲ್ಲ, ಗಂಭೀರವಾಗಿ ಗಾಯಗೊಳ್ಳಲೂ ಇಲ್ಲ.

ಗುಂಡು ಹಾರಿದ್ದು ಡಿಸೆಂಬರ್ ನಡುವಿನಲ್ಲಿ. ಹೆಂಗಸರ ಮೇಲೆ ಸಿಪಾಯಿಗಳು ಗುಂಡು ಹಾರಿಸಲಾರರೆಂಬ ನಂಬಿಕೆ ವ್ಯಾಪಕವಾಗಿತ್ತು. ಉಟು ಎಟಿಮ್ ಎಕ್ಪೊದಲ್ಲಿ 18 ಹೆಂಗಸರು ಸತ್ತರು. ಡಿಸೆಂಬರ್ 16ರಂದು ಒಪೊಬೊದ ಅಂಚೆ ಕಚೇರಿಯ ಬೇಲಿಯ ಬಳಿ 32 ಮಂದಿ ಸತ್ತರು. ಕೆಲವರು ಪಕ್ಕದ ನದಿಗೆ ಬಿದ್ದು ಮುಳುಗಿದರು. ಒಪೊಬೊದಲ್ಲಿ ಹೆಂಗಸರು ಅಧಿಕಾರಿಯ ಜೊತೆ ಮಾತುಕತೆಗೆ ಕೂತು, ತಮ್ಮ ಬೇಡಿಕೆಗಳನ್ನು ಟೈಪ್ ಮಾಡಿಸಿ ಊರಿಗೊಂದು ಪ್ರತಿ ಕೊಡಿ ಎಂದು ಕೇಳಿದ್ದರು. ಪ್ರತಿಗಳು ಸಿದ್ಧವಾಗುತ್ತಿದ್ದ ಹೊತ್ತಿಗೇ ತಳ್ಳಾಟ ಶುರುವಾಗಿ ಲೆಫ್ಟಿನೆಂಟ್ ಒಬ್ಬ ಗುಂಡಿನ ಆಜ್ಞೆ ಕೊಟ್ಟ. ಆ ಪಟ್ಟಿಯಲ್ಲಿ ತೆರಿಗೆ ಒಂದೇ ಅಲ್ಲ, ಸಂತೆಯ ಮಾಡಿಗೆ ಬಾಡಿಗೆ ಬೇಡ, ಆಟ ಕುಣಿತಗಳಿಗೆ ಪರವಾನಗಿ ಬೇಡ, ಇಂಥವನು ನಮ್ಮ ಮುಖ್ಯಸ್ಥನಾಗುವುದು ಬೇಡ ಎಂಬವೂ ಇದ್ದವು. ಒಟ್ಟು 50ಕ್ಕೂ ಹೆಚ್ಚು ಹೆಂಗಸರು ಸತ್ತರು, ಅಷ್ಟೇ ಮಂದಿ ಗಾಯಗೊಂಡರು. ಆಮೇಲೆ ಸಾಮೂಹಿಕ ಶಿಕ್ಷೆಯ ಕಾಯಿದೆಯಡಿ ಊರುಗಳ ಮೇಲೆ ದಂಡ ಬಿತ್ತು, ಮನೆಗಳು ಸುಟ್ಟವು.

ಅವಸರದಲ್ಲಿ ನೇಮಿಸಿದ ಮೊದಲ ವಿಚಾರಣಾ ಸಮಿತಿ ಗುಂಡು ಹಾರಿಸಿದವರ ತಪ್ಪಿಲ್ಲವೆಂದಿತು. ಲೇಗೋಸ್ ಪತ್ರಿಕೆಗಳೂ ಲಂಡನ್ನಿನ ಕೆಲವರೂ ಒಪ್ಪದಿದ್ದುದರಿಂದ ಮುಖ್ಯ ನ್ಯಾಯಾಧೀಶ ಡೊನಾಲ್ಡ್ ಕಿಂಗ್‌ಡನ್ ನೇತೃತ್ವದಲ್ಲಿ ಎರಡನೆಯ ಆಯೋಗ ಬಂತು. ಇಬ್ಬರು ನೈಜೀರಿಯನ್ ವಕೀಲರೂ ಸದಸ್ಯರಾಗಿದ್ದರು. 1930ರಲ್ಲಿ ಅದು 38 ದಿನ ಕೂತು 485 ಸಾಕ್ಷಿಗಳನ್ನು ಕೇಳಿತು. ಇಗ್ಬೊ ಮತ್ತು ಇಬಿಬಿಯೊ ಹೆಂಗಸರು ಹೇಳಿದ್ದು ಮೊದಲ ಬಾರಿ ದೊಡ್ಡ ಪ್ರಮಾಣದಲ್ಲಿ ಕಾಗದಕ್ಕಿಳಿದದ್ದು ಇಲ್ಲೇ. 1931ರಲ್ಲಿ ಬಂದ ಗವರ್ನರ್ ಡೊನಾಲ್ಡ್ ಕ್ಯಾಮರನ್ ಸನ್ನದಿನ ಮುಖ್ಯಸ್ಥರ ಪದ್ಧತಿಯನ್ನು ಕೈಬಿಟ್ಟ. ಊರ ಹಿರಿಯರು ಸರದಿಯಂತೆ ಕೂರುವ ನ್ಯಾಯಾಲಯಗಳು ಬಂದವು. ಕೆಲವು ಕಡೆ ಹೆಂಗಸರಿಗೂ ಸ್ಥಾನ ಸಿಕ್ಕಿತು, ಆದರೆ ಬೆರಳೆಣಿಕೆಯಷ್ಟು. ಹೆಂಗಸರ ಕೂಟಗಳಿಗೆ ಹೊಸ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ, ‘ಮೇಲೆ ಕೂರುವ’ ಹಳೆಯ ಶಿಕ್ಷೆ ಈಗ ಅಪರಾಧ. ಗಂಡಸರ ತೆರಿಗೆ ಹಾಗೆಯೇ ಮುಂದುವರಿಯಿತು. 1940ರ ದಶಕದ ಕೊನೆಗೆ ತಾಳೆ ಎಣ್ಣೆಯ ಗಿರಣಿಗಳು ಬಂದು ತಿರುಳಿನ ಆದಾಯ ಕೈತಪ್ಪುವಂತಾದಾಗ ಇದೇ ಪ್ರದೇಶದ ಹೆಂಗಸರು ಮತ್ತೆ ಎದ್ದರು.

ಲೇಗೋಸ್ ಮತ್ತು ಅಬೆಯೊಕುಟ

ಯೊರುಬ ನಾಡಿನ ಹೆಂಗಸರು ಪೇಟೆಯ ವ್ಯಾಪಾರಿಗಳು. ಅವರ ಹೋರಾಟದ ರೀತಿ ಬೇರೆ. ಲೇಗೋಸ್‌ನ ಮೀನು ವ್ಯಾಪಾರಿ ಅಲಿಮೊಟು ಪೆಲೆವುರ ಓದು ಬರಹ ಬಾರದವಳು, ಮಾರುಕಟ್ಟೆ ಹೆಂಗಸರ ಸಂಘದ ನಾಯಕಿ. 1940ರ ತೆರಿಗೆ ಕಾಯಿದೆ ವರ್ಷಕ್ಕೆ 50 ಪೌಂಡ್‌ಗಿಂತ ಹೆಚ್ಚು ಗಳಿಸುವ ಹೆಂಗಸರನ್ನೂ ಒಳಗೊಂಡಾಗ ಡಿಸೆಂಬರ್ 16ರಂದು ಆಕೆಯ ಮುಂದಾಳುತನದಲ್ಲಿ ಸಾವಿರಾರು ಹೆಂಗಸರು ಕಮಿಷನರ್ ಕಚೇರಿಗೆ ಮೆರವಣಿಗೆ ಹೋದರು. ಮಿತಿ 200 ಪೌಂಡಿಗೆ ಏರಿತು. ಅಷ್ಟು ಗಳಿಸುವವರು ವಿರಳವಾದ್ದರಿಂದ ಹೆಂಗಸರ ಪಾಲಿಗೆ ತೆರಿಗೆ ಇಲ್ಲವಾದಂತೆಯೇ ಆಯಿತು. ಯುದ್ಧಕಾಲದ ಬೆಲೆ ನಿಯಂತ್ರಣದ ವಿರುದ್ಧವೂ ಇದೇ ಸಂಘ ವರ್ಷಗಟ್ಟಲೆ ಸೆಣಸಿತು.

ಅಬೆಯೊಕುಟದಲ್ಲಿ 1918ರಿಂದಲೇ ಹೆಂಗಸರ ಮೇಲೆ ನೇರ ತೆರಿಗೆಯಿತ್ತು. ಹುಡುಗರಿಗಿಂತ ಕಿರಿಯ ವಯಸ್ಸಿಗೇ ಹುಡುಗಿಯರಿಗೆ ತೆರಿಗೆ ಬೀಳುತ್ತಿತ್ತು. ಅವರ ವಯಸ್ಸು ತಿಳಿಯಲು ವಸೂಲಿಗಾರರು ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರೆಂಬುದು ಅಲ್ಲಿನ ದೂರುಗಳಲ್ಲೆಲ್ಲ ಹೇಯವಾದದ್ದು. ಎರಡನೆಯ ಮಹಾಯುದ್ಧದ ವೇಳೆ ಮಾರುಕಟ್ಟೆಯ ಹೆಂಗಸರಿಂದ ಅಕ್ಕಿಯನ್ನೂ ಕಿತ್ತುಕೊಂಡರು. ಇದೆಲ್ಲ ನಡೆದದ್ದು ಎಗ್ಬ ಜನರ ಅರಸ ಅಲಾಕೆ ಎರಡನೆಯ ಅಡೆಮೋಲನ ಹೆಸರಿನಲ್ಲಿ. ಬ್ರಿಟಿಷರು ಅವನೊಬ್ಬನನ್ನೇ ಸ್ಥಳೀಯ ಪ್ರಭುತ್ವವೆಂದು ಮಾಡಿ ಕೂರಿಸಿದ್ದರು.

ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಶಿಕ್ಷಕಿ ಫುನ್ಮಿಲಾಯೊ ರಾನ್ಸಮ್-ಕುಟಿ 1944ರಲ್ಲಿ ಕಟ್ಟಿದ್ದು ಮಧ್ಯಮ ವರ್ಗದ ಮಹಿಳಾ ಕ್ಲಬ್ಬು. ಸಂತೆಯ ಹೆಂಗಸರು ತಮ್ಮ ಕಷ್ಟ ಹೇಳಿಕೊಂಡು ಬರತೊಡಗಿದ ಮೇಲೆ ಅದು 1946ರಲ್ಲಿ ಅಬೆಯೊಕುಟ ಮಹಿಳಾ ಸಂಘವಾಯಿತು. ಆಕೆ ಯುರೋಪಿನ ಉಡುಪು ಬಿಟ್ಟು ಯೊರುಬ ಉಡುಗೆಗೆ, ಸಭೆಗಳಲ್ಲಿ ಯೊರುಬ ಮಾತಿಗೆ ತಿರುಗಿದಳು. ಸಂಘ ಸ್ಥಳೀಯ ಆಡಳಿತದ ಲೆಕ್ಕಪತ್ರಗಳನ್ನು ತಪಾಸಣೆ ಮಾಡಿಸಿತು, ವಕೀಲರನ್ನಿಟ್ಟಿತು, ಮನವಿಗಳನ್ನು ಕಳಿಸಿತು. ಆಡಳಿತ ಯಾವುದಕ್ಕೂ ಜಗ್ಗದಾಗ ಸಂಘ ಬೀದಿಗಿಳಿಯಿತು. ಮೆರವಣಿಗೆಗೆ ಅನುಮತಿ ನಿರಾಕರಿಸಿದರೆ ವನಭೋಜನಕ್ಕೆ ಹೋಗುತ್ತಿದ್ದೇವೆ ಎನ್ನುತ್ತಿದ್ದರು. ಅಶ್ರುವಾಯು ಬಂದರೆ ಏನು ಮಾಡಬೇಕೆಂದು ಹೆಂಗಸರಿಗೆ ಮೊದಲೇ ತರಬೇತಿ ಕೊಡಲಾಗಿತ್ತು. 1947ರ ನವೆಂಬರ್ ಕೊನೆಯಲ್ಲಿ 10,000ಕ್ಕೂ ಹೆಚ್ಚು ಹೆಂಗಸರು ಅಲಾಕೆಯ ಅರಮನೆಯ ಮುಂದೆ ಹಗಲೂ ರಾತ್ರಿ ಕೂತರು. ಡಿಸೆಂಬರಿನಲ್ಲಿ ಮತ್ತೆ ಕೂತರು. ನಿಮ್ಮ ಹೆಂಗಸರ ಬಾಯಿ ಮುಚ್ಚಿಸಿ ಎಂದ ಬ್ರಿಟಿಷ್ ಅಧಿಕಾರಿಗೆ ಫುನ್ಮಿಲಾಯೊ ನಿಮ್ಮ ತಾಯಿಯೊಡನೆ ಹೀಗೆ ಮಾತಾಡುತ್ತೀರಾ ಎಂದು ಕೇಳಿದ್ದನ್ನು ವೋಲೆ ಶೋಯಿಂಕಾ ತನ್ನ ಬಾಲ್ಯದ ಆತ್ಮಕಥೆ ‘ಆಕೆ’ಯಲ್ಲಿ ನೆನೆದಿದ್ದಾನೆ. ಆಗ ಹುಡುಗನಾಗಿದ್ದ ಅವನು ಹೆಂಗಸರ ನಡುವೆ ಚೀಟಿ ಮುಟ್ಟಿಸುವ ಓಲೆಕಾರ, ಅವನ ತಾಯಿ ಚಳವಳಿಯ ಮುಂಚೂಣಿಯಲ್ಲಿದ್ದವಳು.

1948ರಲ್ಲಿ ಹೆಂಗಸರ ತೆರಿಗೆ ನಿಂತಿತು. 1949ರ ಜನವರಿಯಲ್ಲಿ ಅಲಾಕೆ ಪಟ್ಟ ತೊರೆದು ಊರು ಬಿಟ್ಟ. ಹೊಸ ಮಂಡಳಿಯಲ್ಲಿ ನಾಲ್ವರು ಹೆಂಗಸರು ಕೂತರು. 1950ರ ಕೊನೆಗೆ ಅಲಾಕೆ ಮರಳಿ ಬಂದ, ಪಟ್ಟವೂ ಮರಳಿತು. ಗೆಲುವನ್ನು ಹೇಳುವ ಪುಸ್ತಕಗಳು ಈ ಮರಳುವಿಕೆಯನ್ನು ಅಡಿಟಿಪ್ಪಣಿಗೆ ತಳ್ಳುವುದುಂಟು.

ಫ್ರೆಂಚ್ ವಸಾಹತುಗಳು

ಆರ್ಥಿಕ ಕುಸಿತದ ನಡುವೆ ಫ್ರೆಂಚರು ಟೋಗೊದಲ್ಲಿ ತೆರಿಗೆ ಏರಿಸಿದರು. ವಿರೋಧಿಸಿದ ಇಬ್ಬರು ನಾಯಕರನ್ನು 1933ರ ಜನವರಿಯಲ್ಲಿ ಬಂಧಿಸಿದಾಗ ಲೊಮೆಯ ಮಾರುಕಟ್ಟೆಯ ಹೆಂಗಸರು ಅಂಗಡಿ ಮುಚ್ಚಿ ಆಡಳಿತ ಕಚೇರಿಯನ್ನು ಸುತ್ತುಗಟ್ಟಿದರು, ಬಂಧಿತರು ಬಿಡುಗಡೆಯಾದರು. ಹೊರಗಿನಿಂದ ಸೈನ್ಯ ತರಿಸಿ ಪಟ್ಟಣವನ್ನು ಹತೋಟಿಗೆ ತಂದರು. ಐವರಿ ಕೋಸ್ಟ್‌ನಲ್ಲಿ 1949ರ ಡಿಸೆಂಬರಿನಲ್ಲಿ ಹೆಂಗಸರು ರಾಜಕೀಯ ಕೈದಿಗಳ ಬಿಡುಗಡೆಗಾಗಿ ಅಬಿಜಾನಿನಿಂದ ಗ್ರಾಂ-ಬಸ್ಸಾಮ್ ಜೈಲಿನವರೆಗೆ ನಡೆದುಹೋದರು.

ಕಸಮಾಂಸ್‌ನ ಅಲೀನ್ ಸಿಟೊಯೆ ಜಾಟ ಬೇರೆ ಬಗೆಯ ನಾಯಕಿ. ಕಬ್ರೂಸ್ ಊರಿನ ಜೋಲ ಹುಡುಗಿ. ಡಕಾರಿನಲ್ಲಿ ಮನೆಗೆಲಸಕ್ಕಿದ್ದಾಗ ದೈವದ ಕರೆ ಬಂತೆಂದು 1940ರ ದಶಕದ ಆರಂಭದಲ್ಲಿ ಊರಿಗೆ ಮರಳಿದಳು. ಮಳೆಗಾಗಿ ಪೂಜೆಗಳನ್ನು ನಡೆಸಿದಳು, ಎಲ್ಲರನ್ನೂ ಅದರಲ್ಲಿ ಸೇರಿಸಿಕೊಂಡಳು. ಫ್ರೆಂಚರು ಹೇಳುವ ನೆಲಗಡಲೆ ಬೇಡ, ನಮ್ಮ ಹಳೆಯ ಭತ್ತವನ್ನೇ ಬೆಳೆಯೋಣ ಎಂದಳು. ಫ್ರಾನ್ಸಿನ ವಿಶಿ ಸರ್ಕಾರದ ಸೈನ್ಯ ಅಕ್ಕಿ ಮತ್ತು ದನಗಳನ್ನು ವಸೂಲು ಮಾಡುತ್ತಿದ್ದ ಹೊತ್ತಿನಲ್ಲಿ ಈ ಬೋಧೆ ನೇರ ರಾಜಕೀಯವಾಯಿತು. 1943ರ ಜನವರಿಯಲ್ಲಿ ಬಂಧಿಸಿ ಟಿಂಬಕ್ಟೂವಿಗೆ ಗಡೀಪಾರು ಮಾಡಿದರು. ಮರುವರ್ಷ ಸ್ಕರ್ವಿ ರೋಗದಿಂದ ಅಲ್ಲೇ ಸತ್ತಳು, ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಆ ಸಾವು ಅಧಿಕೃತವಾಗಿ ಊರಿನವರಿಗೆ ತಿಳಿದದ್ದು 1983ರಲ್ಲಿ.

ಪೂರ್ವ ಮತ್ತು ಮಧ್ಯ ಆಫ್ರಿಕ

ನೈರೋಬಿಯಲ್ಲಿ 1922ರ ಮಾರ್ಚಿನಲ್ಲಿ, ಗುಡಿಸಲು ತೆರಿಗೆಯನ್ನೂ ಹೆಂಗಸರ ಬಿಟ್ಟಿ ದುಡಿಮೆಯನ್ನೂ ವಿರೋಧಿಸುತ್ತಿದ್ದ ಹ್ಯಾರಿ ಥುಕುವಿನ ಬಂಧನವಾಯಿತು. ಪೊಲೀಸ್ ಠಾಣೆಯ ಮುಂದೆ ಸೇರಿದ ಜನ ಚದುರಲು ಹೊರಟಾಗ ಮುಥೋನಿ ನ್ಯಂಜಿರು ಎಂಬ ಕಿಕುಯು ಹೆಂಗಸು ತನ್ನ ಬಟ್ಟೆ ಎತ್ತಿ ಹಿಡಿದು, ಇದನ್ನು ನೀವು ಉಟ್ಟುಕೊಂಡು ನಿಮ್ಮ ಷರಾಯಿ ನನಗೆ ಕೊಡಿ ಎಂದು ಗಂಡಸರನ್ನು ಜರೆದಳು. ತಾಯಿಯ ವಯಸ್ಸಿನವಳು ಹೀಗೆ ಮಾಡುವುದು ಕಿಕುಯುಗಳಲ್ಲಿ ಘೋರ ಶಾಪ. ಗುಂಪು ಮುನ್ನುಗ್ಗಿತು, ಮೊದಲು ಸತ್ತವರಲ್ಲಿ ಅವಳೂ ಒಬ್ಬಳು. ಸರ್ಕಾರದ ಲೆಕ್ಕದಲ್ಲಿ ಸತ್ತವರು 21, ಜನರ ಲೆಕ್ಕದಲ್ಲಿ ಅದರ ಹಲವು ಪಟ್ಟು.

ಟಾಂಗನೀಕದ ಪಾರೆ ಬೆಟ್ಟಗಳಲ್ಲಿ 1940ರ ದಶಕದ ನಡುವೆ ಎಂಬಿರು ಎಂಬ ತೆರಿಗೆಯ ವಿರುದ್ಧ ಗಂಡಸರು ಸಾಮೆ ಪಟ್ಟಣದಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಕೊನೆಗೆ ಹೆಂಗಸರೇ ಜಿಲ್ಲಾಧಿಕಾರಿಯ ಬಳಿ ಹೋಗಿ, ನಮ್ಮ ಗಂಡಂದಿರನ್ನು ಮನೆಗೆ ಕಳಿಸು, ಇಲ್ಲದಿದ್ದರೆ ನೀನೇ ನಮ್ಮೆಲ್ಲರನ್ನು ಬಸುರಿ ಮಾಡು ಎಂದರು. ತೆರಿಗೆ ಕೆಲಕಾಲದಲ್ಲಿ ರದ್ದಾಯಿತು. ಬೆಲ್ಜಿಯನ್ನರು ಪಟ್ಟಣಗಳಲ್ಲಿ ಗಂಡನಿಲ್ಲದೆ ಬದುಕುವ ಹೆಂಗಸರ ಮೇಲೆ ಪ್ರತ್ಯೇಕ ತೆರಿಗೆ ಹಾಕಿದ್ದರು. ವಿಧವೆ, ವಿಚ್ಛೇದಿತೆ, ವೇಶ್ಯೆ ಎಲ್ಲರೂ ಒಂದೇ ಪಟ್ಟಿಯಲ್ಲಿ. ಬುರುಂಡಿಯ ಉಸುಂಬುರದಲ್ಲಿ ಬುಯೆಂಜಿ ಬಡಾವಣೆಯ ಮುಸ್ಲಿಂ ಹೆಂಗಸರು 1950ರ ದಶಕದಲ್ಲಿ ಇದನ್ನು ಕಟ್ಟಲು ನಿರಾಕರಿಸಿದ್ದು ಹಣಕ್ಕಿಂತ ಹೆಚ್ಚಾಗಿ ಈ ಅವಮಾನಕ್ಕೆ.

ಬ್ರಿಟಿಷ್ ಆಡಳಿತದ ಕ್ಯಾಮರೂನಿನ ಕೋಮ್ ನಾಡಿನಲ್ಲಿ ತಾಯಿಯನ್ನೋ ಬಸುರಿಯನ್ನೋ ಹೊಡೆದವನಿಗೆ ಹೆಂಗಸರು ಕೊಡುತ್ತಿದ್ದ ಸಾಮೂಹಿಕ ಶಿಕ್ಷೆಯ ಹೆಸರು ಆನ್ಲು. ಬೆಟ್ಟದ ಇಳಿಜಾರಿಗೆ ಅಡ್ಡಲಾಗಿಯೇ ಏರಿ ಕಟ್ಟಬೇಕೆಂಬ ಬೇಸಾಯ ಕಾನೂನು, ಆಳುವ ಪಕ್ಷ ನೆಲವನ್ನು ಇಗ್ಬೊಗಳಿಗೆ ಮಾರುತ್ತಿದೆಯೆಂಬ ಸುದ್ದಿ, ಇವೆರಡರಿಂದ 1958ರ ಜುಲೈಯಲ್ಲಿ ಆನ್ಲು ಇಡೀ ನಾಡಿನ ಚಳವಳಿಯಾಯಿತು. ಸುಮಾರು 7,000 ಹೆಂಗಸರು ಬಳ್ಳಿ ಎಲೆ ಸುತ್ತಿಕೊಂಡು, ಗಂಡಸರ ಬಟ್ಟೆ ತೊಟ್ಟು ಸಂತೆ, ಶಾಲೆ, ಕೋರ್ಟುಗಳನ್ನು ನಿಲ್ಲಿಸಿದರು. 1959ರ ಜನವರಿಯ ಚುನಾವಣೆಯಲ್ಲಿ ಆಳುವ ಪಕ್ಷ ಸೋತು ವಿರೋಧ ಪಕ್ಷದ ನಾಯಕ ಫೊಂಚ ಪ್ರಧಾನಿಯಾದ. ಕೋಮ್‌ನಲ್ಲಿ ಆ ಫಲಿತಾಂಶ ಆನ್ಲುವಿನದೇ.

ಅಧ್ಯಯನ

1929ರ ಬಳಿಕ ಸರ್ಕಾರಕ್ಕೆ ಇಗ್ಬೊ ಹೆಂಗಸರ ಬಗ್ಗೆ ಏಕಾಏಕಿ ಕುತೂಹಲ ಹುಟ್ಟಿತು. ಸಿಲ್ವಿಯ ಲೀತ್-ರಾಸ್ ಮತ್ತು ಎಂ. ಎಂ. ಗ್ರೀನ್ 1930ರ ದಶಕದಲ್ಲಿ ಅಲ್ಲಿ ವಾಸವಿದ್ದು ಬರೆದ ಪುಸ್ತಕಗಳು ಇಂದಿಗೂ ಮುಖ್ಯ ಆಕರ. ಎ. ಇ. ಆಫಿಗ್ಬೊ ಸನ್ನದಿನ ಮುಖ್ಯಸ್ಥರ ಪದ್ಧತಿಯ ಕುಸಿತವಾಗಿ ಆ ಘಟನೆಯನ್ನು ವಿವರಿಸಿದ. 1972ರಲ್ಲಿ ಜೂಡಿತ್ ವಾನ್ ಆಲೆನ್ ಹೆಂಗಸರ ಸಂಸ್ಥೆಗಳನ್ನು ಮಧ್ಯಕ್ಕೆ ತಂದಳು: ಅಧಿಕಾರಿಗಳು ಬರೆದ ‘ಆಬಾ ಗಲಭೆ’ ಹೆಂಗಸರ ಲೆಕ್ಕದಲ್ಲಿ ಯುದ್ಧ, ಅದರ ವಿಧಾನ ಹಳೆಯ ದಂಡನೆಯದೇ ಎಂದಳು. ಹತ್ತು ವರ್ಷದ ಮೇಲೆ ನೀನಾ ಎಂಬಾ ಈ ಕತೆಯನ್ನು ಅಬೆಯೊಕುಟದವರೆಗೆ ಬೆಳೆಸಿದಳು. ಗಂಡಸರು ಹಿಂದೆ ನಿಂತು ಹೆಂಗಸರನ್ನು ಮುಂದೆ ಬಿಟ್ಟರೆಂಬ ಅಧಿಕಾರಿಗಳ ಹಳೆಯ ವಾದವನ್ನು ಈಗ ಯಾರೂ ಗಂಭೀರವಾಗಿ ಹಿಡಿಯುವುದಿಲ್ಲ.

ತೆರಿಗೆಯೇ ಕಾರಣವೇ ಎಂಬುದರ ಬಗ್ಗೆ ಮಾತ್ರ ಚರ್ಚೆ ಮುಂದುವರಿದಿದೆ. ಇತ್ತೀಚಿನ ಅಧ್ಯಯನಗಳು ಎಣಿಕೆಯ ಭಯಕ್ಕೆ ಹೆಚ್ಚು ಒತ್ತು ಕೊಡುತ್ತವೆ. ಬದುಕಿರುವ ಮನುಷ್ಯರನ್ನು ಎಣಿಸುವುದು ಸಾವನ್ನು ಕರೆಯುವುದೆಂದು ಇಗ್ಬೊಗಳು ತಿಳಿಯುತ್ತಿದ್ದರು, ಎಣಿಸಿಕೊಳ್ಳುವುದು ಗುಲಾಮರ ಪಾಡು. 1918ರ ಇನ್‌ಫ್ಲುಯೆಂಜ ಮನೆಮನೆಯಲ್ಲೂ ಹೆಣ ಬೀಳಿಸಿದ ನೆನಪು ಹಸಿಯಾಗಿತ್ತು. 1925ರಲ್ಲೇ ಹೆಂಗಸರ ಗುಂಪುಗಳು ಊರೂರು ತಿರುಗಿ ಕುಣಿಯುತ್ತ, ಅಂಗಳ ಗುಡಿಸಿ ಶುದ್ಧಿ ಮಾಡಿ, ಹೊಸ ನಾಣ್ಯ ಬೇಡ, ಹೊಸ ಕೋರ್ಟು ಬೇಡ ಎಂದು ಹೇಳಿ ಹೋಗಿದ್ದವು. ಅಧಿಕಾರಿಗಳು ಆಗ ಅದನ್ನು ಕುಣಿತವೆಂದು ಬರೆದುಕೊಂಡು ಕಡತ ಮುಚ್ಚಿದ್ದರು.